ಆರೋಗ್ಯ ವಿಚಾರ: ಯಕೃತ್ತಿನ ರೋಗಕ್ಕೆ ಜಠರವನ್ನು ಕೊಯ್ಯುವುದೇಕೆ?

ಹೆಂಡದ ವಾಸನೆಯನ್ನೂ ಅರಿಯದ ಮನೆಯಲ್ಲಿ ಯಾರಿಗಾದರೂ ಯಕೃತ್ತು ಕೆಟ್ಟಿದೆಯೆಂದು ವೈದ್ಯರು ಹೇಳಿದರೆ, ಮನೆಯವರಿಗೆ ಭಯಕ್ಕಿಂತ ಮೊದಲು ಬರುವುದು ಕೋಪ. “ನಮ್ಮ ವಂಶದಲ್ಲಿ ಕುಡಿದವರೇ ಇಲ್ಲವಲ್ಲ!” ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಶಾಲೆಯ ಪುಸ್ತಕದಲ್ಲಿ ಪಿತ್ತಜನಕಾಂಗವೆಂದೂ ಮನೆಯ ಮಾತಿನಲ್ಲಿ ಲಿವರ್ ಎಂದೂ ಕರೆಸಿಕೊಳ್ಳುವ ಈ ಅಂಗ ಕುಡಿತದಿಂದ ಕೆಡುತ್ತದೆಂದು ನಾವೆಲ್ಲರೂ ಕಲಿತದ್ದುಂಟು. ಕುಡಿಯದೆಯೂ ಕೆಡಬಹುದೆಂದು ಹೇಳಿಕೊಟ್ಟವರು ಕಡಮೆ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಯುರ್ಗೆನ್ ಲುಡ್ವಿಗ್ ಎಂಬ ವೈದ್ಯರೂ ಅವರ ಸಂಗಡಿಗರೂ ಮದ್ಯದ ಚಟವಿಲ್ಲದ ರೋಗಿಗಳ ಯಕೃತ್ತಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕುಡುಕರಲ್ಲಿ ಕಾಣುವ ಕೊಬ್ಬೂ ಉರಿಯೂತವೂ ಇವರಲ್ಲಿಯೂ ಇವೆಯೆಂದು ಬರೆದರು. ಆ ಮೇಲೆಯೇ ಈ ರೋಗಕ್ಕೆ ಒಂದು ಹೆಸರು ಬಂದದ್ದು. ಬಂದ ಹೆಸರಿನಲ್ಲಿಯೂ ‘ಮದ್ಯ’ವೆಂಬ ಶಬ್ದ ಅಂಟಿಕೊಂಡೇ ಇತ್ತು. 2023ರಲ್ಲಿ ವೈದ್ಯಪರಿಷತ್ತುಗಳು ಕೂಡಿ ಆ ಶಬ್ದವನ್ನು ತೆಗೆದುಹಾಕಿ, ದೇಹದ ಚಯಾಪಚಯದ ಏರುಪೇರಿನಿಂದ ಬರುವ ರೋಗವೆಂಬ ಅರ್ಥ ಬರುವಂತೆ ಹೆಸರನ್ನು ಬದಲಿಸಿದ್ದಾರೆ. ಜನರ ಬಾಯಲ್ಲಿ ಮಾತ್ರ ಇಂದಿಗೂ ಅದು ಫ್ಯಾಟಿ ಲಿವರ್.

ದೂರದ ಮಾತೇಕೆ? ನಮ್ಮ ಚೆನ್ನೈಯಲ್ಲಿಯೇ ಡಾಕ್ಟರ್ ವಿ. ಮೋಹನ್ ಅವರೂ ಅವರ ಸಹೋದ್ಯೋಗಿಗಳೂ ನಗರವಾಸಿಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, 100 ಮಂದಿಯಲ್ಲಿ 32 ಮಂದಿಯ ಯಕೃತ್ತಿನಲ್ಲಿ ಕೊಬ್ಬು ಕಂಡಿತ್ತು; ಸಕ್ಕರೆ ಕಾಯಿಲೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತೂಕ ಮೀರಿದ ಹೆಂಗಸರು ಕರ್ನಾಟಕದಲ್ಲಿ 100ಕ್ಕೆ 30, ತಮಿಳುನಾಡಿನಲ್ಲಿ 40. ಊರು ಬಿಟ್ಟು ಬಂದು ನಾವು ಗಳಿಸಿದ್ದರಲ್ಲಿ ಇದೂ ಒಂದೆಂದು ಯಾರಾದರೂ ಹಾಸ್ಯಮಾಡಿದರೆ ಬೇಸರಪಡಬೇಕಾಗಿಲ್ಲ. 1964ರಲ್ಲಿ ಅಂಬತ್ತೂರಿನ ಕೈಗಾರಿಕಾ ಎಸ್ಟೇಟು ಆರಂಭವಾದ ತರುವಾಯ ಇಲ್ಲಿಗೆ ಬಂದ ಹಿರಿಯರು ದಿನವಿಡೀ ಯಂತ್ರದ ಮುಂದೆ ನಿಂತು ದುಡಿದರು. ಅದೇ ಎಸ್ಟೇಟಿನಲ್ಲಿ ಈಗ ಎದ್ದಿರುವ ಗಾಜಿನ ಕಟ್ಟಡಗಳಲ್ಲಿ ಮಕ್ಕಳು ಕುಳಿತು ದುಡಿಯುತ್ತಾರೆ. ತಟ್ಟೆಯ ಅನ್ನದ ಅಳತೆ ಮಾತ್ರ ತಂದೆಯ ಕಾಲದ್ದೇ.

ಕಚೇರಿಯ ವಾರ್ಷಿಕ ತಪಾಸಣೆಯ ಕಾಗದದ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬರೆದಿರುವುದನ್ನು ಅನೇಕರು ನೋಡಿರಬೇಕು. ನೋವಿಲ್ಲ, ಜ್ವರವಿಲ್ಲ, ಕಾಗದ ಬೀರುವಿನೊಳಕ್ಕೆ ಹೋಗುತ್ತದೆ. ಬಹುಮಂದಿಯಲ್ಲಿ ಅದು ಕೊಬ್ಬಾಗಿಯೇ ಉಳಿಯುತ್ತದೆಂಬುದೂ ನಿಜ. ಕೆಲವರಲ್ಲಿ ಮಾತ್ರ ಕೊಬ್ಬಿನ ಹಿಂದೆ ಉರಿಯೂತ ಬರುತ್ತದೆ. ಗಾಯ ಮಾಯ್ದ ಮೇಲೆ ಚರ್ಮದಲ್ಲಿ ಕಲೆ ಉಳಿಯುವಂತೆ ಯಕೃತ್ತಿನೊಳಗೆ ಗಟ್ಟಿ ನಾರು ಬೆಳೆಯುತ್ತದೆ. ನಾರು ಹೆಚ್ಚಿ ಹೆಚ್ಚಿ ಯಕೃತ್ತೆಲ್ಲ ಗಂಟುಗಂಟಾದರೆ ಅದೇ ಸಿರೋಸಿಸ್. ಇಲ್ಲಿ ವಾಚಕರು ಗಮನಿಸಬೇಕಾದ ಸಂಗತಿಯೊಂದಿದೆ. ಸಾಧಾರಣ ಸ್ಕ್ಯಾನಿನ ‘ಗ್ರೇಡ್’ ಕೊಬ್ಬಿನ ಲೆಕ್ಕವನ್ನಷ್ಟೇ ಹೇಳುತ್ತದೆ. ಭವಿಷ್ಯವನ್ನು ನಿರ್ಧರಿಸುವುದು ನಾರು. ಅದನ್ನು ತಿಳಿಯಲು ಯಕೃತ್ತಿನ ಗಡುಸನ್ನು ಅಳೆಯುವ ಫೈಬ್ರೋಸ್ಕ್ಯಾನ್ ಎಂಬ ಬೇರೆ ಪರೀಕ್ಷೆಯುಂಟು. ಗ್ರೇಡ್ 1 ಎಂದು ಹಗುರಾಗಿ ಎಣಿಸಿದವರಲ್ಲಿ ನಾರು ಬೆಳೆದಿರಬಹುದು; ಗ್ರೇಡ್ 3 ಎಂದು ಹೆದರಿ ಕುಳಿತವರಲ್ಲಿ ನಾರೇ ಇಲ್ಲದಿರಬಹುದು.

ಈ ಸಲ ಇದನ್ನೆಲ್ಲ ಬರೆಯಲು ಕಾರಣ, ಓ.ಟಿ. ಕಡೆಯ ಹಿರಿಯ ವಾಚಕಿಯೊಬ್ಬರಿಂದ ಬಂದ ಪತ್ರ. ಅವರ ಸೊಸೆಗೆ 38 ವರ್ಷ. ಎತ್ತರ ಐದಡಿ ಎರಡಂಗುಲ, ತೂಕ 98 ಕಿಲೋ. ಸಕ್ಕರೆ ಕಾಯಿಲೆ ಆರು ವರ್ಷದಿಂದ ಇದೆ. ಯಕೃತ್ತಿನಲ್ಲಿ ಕೊಬ್ಬಷ್ಟೇ ಅಲ್ಲ, ನಾರೂ ಬೆಳೆದಿದೆಯೆಂದು ತಿಳಿದುಬಂದಿದೆ. ವೈದ್ಯರು ತೂಕವಿಳಿಸುವ ಶಸ್ತ್ರಕ್ರಿಯೆಯ ಮಾತೆತ್ತಿದ್ದಾರೆ. ಸೊಸೆ ಒಪ್ಪಿದ್ದಾಳೆ, ಮಗ ಸುಮ್ಮನಿದ್ದಾನೆ, ಬಳಗದವರು ಬೇಡವೆನ್ನುತ್ತಾರೆ. “ಕೆಟ್ಟಿರುವುದು ಲಿವರ್, ಕೊಯ್ಯುವುದು ಕೆಡದೆ ಇರುವ ಹೊಟ್ಟೆಯನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಲಿಲ್ಲವೆ?” ಎಂದು ಆ ತಾಯಿ ಕೇಳಿದ್ದಾರೆ. ಗಾದೆಯನ್ನು ಇಷ್ಟು ಸಮಯೋಚಿತವಾಗಿ ಬಳಸಿದವರಿಗೆ ಸಮಾಧಾನವಾಗುವಂತೆ ಉತ್ತರ ಹೇಳುವುದು ಸುಲಭವಲ್ಲ. ನಾವು ವೈದ್ಯರೂ ಅಲ್ಲ. ಪ್ರಕಟವಾಗಿರುವ ವರದಿಗಳನ್ನು ಓದಿ, ಬಲ್ಲವರನ್ನು ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಇಡುತ್ತೇವೆ.

ಮೊದಲು ಒಂದು ಗೊಂದಲವನ್ನು ಕಳೆಯಬೇಕು. 2022ರ ಮೇ ತಿಂಗಳಿನಲ್ಲಿ ಕನ್ನಡ ಕಿರುತೆರೆಯ ತರುಣ ನಟಿ ಚೇತನಾ ರಾಜ್ ಅವರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಗೆ ಒಳಗಾದಾಗ ತೀರಿಕೊಂಡ ಸುದ್ದಿಯನ್ನು ನೆನೆದು ಬಳಗದವರು ಹೆದರಿರುವರೆಂದು ಪತ್ರದಿಂದ ತೋರುತ್ತದೆ. ಅದು ಬೇರೆ, ಇದು ಬೇರೆ. ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯುವುದು ಅಂದಕ್ಕಾಗಿ ಮಾಡಿಸಿಕೊಳ್ಳುವ ಕೆಲಸ. ಯಕೃತ್ತಿಗೆ ಅದರಿಂದ ಲಾಭವಿಲ್ಲ. ಅಮೆರಿಕದ ಸೇಂಟ್ ಲೂಯಿಯಲ್ಲಿ 15 ಮಂದಿ ಸ್ಥೂಲಕಾಯದ ಹೆಂಗಸರಿಂದ ಹೀಗೆ ಸುಮಾರು ಹತ್ತು ಹತ್ತು ಕಿಲೋ ಕೊಬ್ಬನ್ನು ತೆಗೆದು ನೋಡಿ, ಇನ್ಸುಲಿನ್ನಿಗೆ ಯಕೃತ್ತು ಓಗೊಡುವ ರೀತಿಯಲ್ಲಿ ಏನೂ ಸುಧಾರಣೆಯಾಗಲಿಲ್ಲವೆಂದು 2004ರಲ್ಲಿ ಪ್ರಕಟಿಸಿದರು. ಕೊಬ್ಬು ಹೋದರೆ ಸಾಲದು. ಅದು ಹೋಗುವ ದಾರಿಯೂ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಈಗ ಪತ್ರದಲ್ಲಿ ಕೇಳಿರುವ ಶಸ್ತ್ರಕ್ರಿಯೆ. ಇದರಲ್ಲಿ ಎರಡು ವಿಧಗಳು ಹೆಚ್ಚು ಬಳಕೆಯಲ್ಲಿವೆ. ಒಂದರಲ್ಲಿ ಜಠರದ ಮುಕ್ಕಾಲು ಭಾಗವನ್ನು, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚಾಗಿ, ಉದ್ದಕ್ಕೆ ಕತ್ತರಿಸಿ ತೆಗೆದು ಬಾಳೆಕಾಯಿಯಾಕಾರದ ಕೊಳವೆಯನ್ನು ಉಳಿಸುತ್ತಾರೆ. ಸ್ಲೀವ್ ಎಂದು ಇದರ ಹೆಸರು. ಇನ್ನೊಂದು ಬೈಪಾಸ್, ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಎರಡನ್ನೂ ಈಗ ಹೊಟ್ಟೆಯಲ್ಲಿ ನಾಲ್ಕಾರು ಸಣ್ಣ ತೂತುಗಳನ್ನು ಮಾಡಿ ಮುಗಿಸುತ್ತಾರೆ. ಒಂದೆರಡು ವರ್ಷದೊಳಗೆ ಮೈತೂಕದ ಸುಮಾರು ಕಾಲುಭಾಗ ಇಳಿಯುವುದುಂಟು.

ಹೊಟ್ಟೆ ಚಿಕ್ಕದಾದುದರಿಂದ ಊಟ ಕಡಮೆಯಾಯಿತು, ಊಟ ಕಡಮೆಯಾದುದರಿಂದ ತೂಕ ಇಳಿಯಿತು ಎಂದಷ್ಟೇ ಭಾವಿಸಿದರೆ ಆ ತಾಯಿಯ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಯಕೃತ್ತನ್ನು ಮನೆಯ ಕಣಜಕ್ಕೆ ಹೋಲಿಸಬಹುದು. ಉಂಡ ಅನ್ನದ ಸಕ್ಕರೆ ಕರುಳಿನಿಂದ ನೇರವಾಗಿ ಅಲ್ಲಿಗೆ ಬರುತ್ತದೆ. ಕಣಜ ತುಂಬಿದ ಮೇಲೂ ಬರುತ್ತಲೇ ಇದ್ದರೆ ಯಕೃತ್ತು ಆ ಹೆಚ್ಚುವರಿಯನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಮೈಯಲ್ಲಿ ಇನ್ಸುಲಿನ್ನಿನ ಮಾತು ನಡೆಯದೆ ಹೋದಾಗ ಹೊಟ್ಟೆಯ ಸುತ್ತಲಿನ ಕೊಬ್ಬೂ ಕರಗಿ ರಕ್ತದ ಮೂಲಕ ಅಲ್ಲಿಗೇ ಬಂದು ಸೇರುತ್ತದೆ. ಬರುವ ದಾರಿಗಳು ಎರಡು. ಖರ್ಚು ಮಾತ್ರ ಕಡಮೆ. ಇನ್ನು ಜಠರವೂ ಕರುಳೂ ಅನ್ನ ಹಾದುಹೋಗುವ ಬರಿಯ ಕೊಳವೆಗಳಲ್ಲ. ಮಿದುಳಿಗೂ ಮೇದೋಜೀರಕ ಗ್ರಂಥಿಗೂ ಸುದ್ದಿ ಕಳುಹಿಸುವ ಅಂಗಗಳು. ಹಸಿವೆಯ ಸುದ್ದಿಯನ್ನು ಒಯ್ಯುವ ಗ್ರೆಲಿನ್ ಎಂಬ ರಸ ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ಹೋಗುವುದು ಆ ಭಾಗವೇ. ಅನ್ನ ಬೇಗ ಕೆಳಕರುಳನ್ನು ಮುಟ್ಟುವುದರಿಂದ, ತೃಪ್ತಿಯನ್ನು ತಿಳಿಸಿ ಇನ್ಸುಲಿನ್ನನ್ನು ಎಚ್ಚರಿಸುವ ಜಿ.ಎಲ್.ಪಿ.-1 ಎಂಬ ಮತ್ತೊಂದು ರಸ ಹೆಚ್ಚುತ್ತದೆ. ಹಲವರಿಗೆ ತೂಕ ಹೆಚ್ಚು ಇಳಿಯುವ ಮೊದಲೇ ರಕ್ತದ ಸಕ್ಕರೆ ಇಳಿಯುವುದು ಇದರಿಂದಲೇ. ಹೀಗೆ ಕಣಜಕ್ಕೆ ಬರುವ ಎರಡು ದಾರಿಗಳೂ ಕಿರಿದಾಗುತ್ತವೆ, ಒಳಗಿದ್ದುದು ಖರ್ಚಾಗತೊಡಗುತ್ತದೆ. ಎತ್ತೂ ಎಮ್ಮೆಯೂ ಒಂದೇ ಗೋದಲಿಯಲ್ಲಿ ಮೇಯುತ್ತಿವೆಯೆಂದರೆ ಆ ತಾಯಿಗೆ ಒಪ್ಪಿಗೆಯಾದೀತು.

ಯುಕ್ತಿ ಸರಿ, ಫಲ ಕಂಡಿದೆಯೆ? ಕಂಡಿದೆ. ಫ್ರಾನ್ಸಿನ ಲೀಲ್ ನಗರದ ವೈದ್ಯರು ಯಕೃತ್ತಿನಲ್ಲಿ ಉರಿಯೂತವಿದ್ದ 180 ಸ್ಥೂಲಕಾಯರನ್ನು ಶಸ್ತ್ರಕ್ರಿಯೆಯ ತರುವಾಯ ವರ್ಷಗಟ್ಟಲೆ ನೋಡಿಕೊಂಡು ಬಂದು 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಐದು ವರ್ಷದ ಮೇಲೆ ಪುನಃ ಯಕೃತ್ತಿನ ಚೂರು ತೆಗೆಸಿ ಪರೀಕ್ಷಿಸಿದವರಲ್ಲಿ 100ಕ್ಕೆ 84 ಮಂದಿಗೆ ಉರಿಯೂತದ ರೋಗ ಹೋಗಿತ್ತು. 70 ಮಂದಿಯಲ್ಲಿ ನಾರು ಕಡಮೆಯಾಗಿತ್ತು. ಒಮ್ಮೆ ಬೆಳೆದ ನಾರು ಕರಗುವುದಿಲ್ಲವೆಂದು ಹಿಂದೆ ಹಲವರು ಭಾವಿಸಿದ್ದರು. ಅದು ಮೊದಲ ವರ್ಷದಿಂದಲೇ ಇಳಿಯತೊಡಗಿ ಐದನೆಯ ವರ್ಷದವರೆಗೂ ಇಳಿಯುತ್ತಲೇ ಹೋಯಿತೆಂಬುದು ಈ ವರದಿಯ ವಿಶೇಷ.

ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನವರು 2021ರಲ್ಲಿ ಕೊಟ್ಟ ಲೆಕ್ಕ ಇನ್ನೂ ನೇರವಾದದ್ದು. ಇದೇ ರೋಗದ 1158 ಮಂದಿಯಲ್ಲಿ 650 ಮಂದಿ ಶಸ್ತ್ರಕ್ರಿಯೆ ಮಾಡಿಸಿಕೊಂಡವರು, 508 ಮಂದಿ ಮಾಡಿಸಿಕೊಳ್ಳದವರು. ಹತ್ತು ವರ್ಷದ ಅವಧಿಯಲ್ಲಿ ಸಿರೋಸಿಸ್, ಯಕೃತ್ತಿನ ಅರ್ಬುದ ಮುಂತಾದ ದೊಡ್ಡ ಕೇಡು ತಗಲಿದ್ದು ಮಾಡಿಸಿಕೊಳ್ಳದವರಲ್ಲಿ 100ಕ್ಕೆ 9.6ರಂತೆ, ಮಾಡಿಸಿಕೊಂಡವರಲ್ಲಿ 2.3ರಂತೆ. ಹೃದಯದ ಕೇಡೂ ಸುಮಾರು ಅರ್ಧಕ್ಕೆ ಇಳಿದಿತ್ತು. ರೋಮಿನಲ್ಲಿ 288 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಪಂಗಡಗಳಾಗಿ ಮಾಡಿ ನಡೆಸಿದ ಪ್ರಯೋಗ 2023ರಲ್ಲಿ ಹೊರಬಂತು. ಒಂದು ವರ್ಷದ ಕೊನೆಗೆ ಉರಿಯೂತದ ರೋಗ ಹೋದವರು ಬೈಪಾಸಿನವರಲ್ಲಿ 100ಕ್ಕೆ 56, ಸ್ಲೀವ್‌ನವರಲ್ಲಿ 57. ಪಥ್ಯ, ವ್ಯಾಯಾಮ, ಔಷಧಗಳನ್ನೇ ನಂಬಿದವರಲ್ಲಿ 16.

ಈ ಅಂಕಿಗಳನ್ನು ಕೇಳಿ ನಾಳೆಯೇ ಆಸ್ಪತ್ರೆಯ ಬಾಗಿಲಲ್ಲಿ ಸಾಲು ನಿಲ್ಲುವವರಿದ್ದರೆ, ಇನ್ನೊಂದು ಪುಟವನ್ನೂ ಓದಲಿ. ಕ್ಲೀವ್‌ಲೆಂಡಿನ 650 ಮಂದಿಯಲ್ಲಿ ನಾಲ್ವರು ಮೊದಲ ವರ್ಷದೊಳಗೆ ಶಸ್ತ್ರಕ್ರಿಯೆಯ ತೊಡಕುಗಳಿಂದಲೇ ತೀರಿಕೊಂಡರು. ಹೆಸರಾಂತ ಆಸ್ಪತ್ರೆಯ ಮಾತಾಯಿತು ಅದು. ನಮ್ಮ ಚೆನ್ನೈಯ ಹೊರವಲಯದಲ್ಲಿ 2024ರ ಏಪ್ರಿಲ್‌ನಲ್ಲಿ ಪುದುಚೇರಿಯಿಂದ ಬಂದಿದ್ದ 26 ವರ್ಷದ ತರುಣನೊಬ್ಬ ತೂಕವಿಳಿಸುವ ಶಸ್ತ್ರಕ್ರಿಯೆಗೆಂದು ಮಲಗಿ ಪ್ರಾಣ ಕಳೆದುಕೊಂಡದ್ದೂ, ಆರೋಗ್ಯ ಇಲಾಖೆ ವಿಚಾರಣೆ ನಡೆಸಿದ್ದೂ ಪತ್ರಿಕೆಗಳಲ್ಲಿ ಬಂದಿತ್ತು. ಹೊಲಿಗೆಯ ಸಾಲಿನಲ್ಲಿ ಸೋರುವುದು, ರಕ್ತಸ್ರಾವ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರುವುದು, ಇವು ಅಪರೂಪವಾದರೂ ಇಲ್ಲದವಲ್ಲ. ಇತಿಹಾಸವೂ ಒಂದು ಎಚ್ಚರಿಕೆ ಕೊಡುತ್ತದೆ. 1960 ಮತ್ತು 70ರ ದಶಕಗಳಲ್ಲಿ ಸಣ್ಣಕರುಳಿನ ಬಹುಭಾಗವನ್ನು ಬಿಟ್ಟು ಜೋಡಿಸುವ ಬೇರೊಂದು ಶಸ್ತ್ರಕ್ರಿಯೆ ನಡೆಯುತ್ತಿತ್ತು. ತೂಕವೇನೋ ಇಳಿಯಿತು, ಪೋಷಣೆ ಕೆಟ್ಟು ಕೆಲವರ ಯಕೃತ್ತೇ ಸೋತುಹೋಯಿತು. ಅದನ್ನು ಕೈಬಿಟ್ಟರು. ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ 1966ರಲ್ಲಿ ಆರಂಭಿಸಿದ ಜಠರದ ಬೈಪಾಸೇ ತಿದ್ದುಪಡಿಗಳೊಂದಿಗೆ ಉಳಿದುಬಂದದ್ದು. ಈಗಲೂ ಸಿರೋಸಿಸ್ ಮುಂದುವರಿದು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದು ತಕ್ಕ ಚಿಕಿತ್ಸೆಯಲ್ಲ. ಯಕೃತ್ತು ಎಷ್ಟು ಗಡುಸಾಗಿದೆಯೆಂದು ಮೊದಲು ಅಳೆಸಬೇಕೆನ್ನುವುದು ಅದಕ್ಕಾಗಿಯೇ.

ಹಾಗಾದರೆ ಕೊಯ್ಯದೆ ಗುಣವಾಗುವುದಿಲ್ಲವೆ? ಕ್ಯೂಬಾ ದೇಶದ 293 ಮಂದಿ ರೋಗಿಗಳನ್ನು ಒಂದು ವರ್ಷ ಪಥ್ಯದಲ್ಲಿಟ್ಟು ನೋಡಿ 2015ರಲ್ಲಿ ಬರೆದ ವರದಿಯಂತೆ, ಮೈತೂಕದ ಹತ್ತನೆಯ ಒಂದು ಭಾಗವನ್ನು ಇಳಿಸಿಕೊಂಡವರಲ್ಲಿ 100ಕ್ಕೆ 90 ಮಂದಿಗೆ ಉರಿಯೂತದ ರೋಗ ಹೋಯಿತು. ಶಸ್ತ್ರಕ್ರಿಯೆಗಿಂತ ಕಡಮೆಯೇನಲ್ಲ! ಆದರೆ ಅಷ್ಟು ಇಳಿಸಿಕೊಂಡವರು ಹತ್ತರಲ್ಲಿ ಒಬ್ಬರು ಮಾತ್ರ. ಗ್ರೇಡ್ 1 ಎಂಬ ಕಾಗದವನ್ನು ಬೀರುವಿನಲ್ಲಿ ಇಟ್ಟುಕೊಂಡಿರುವ ನಮ್ಮ ವಾಚಕರಲ್ಲಿ ಬಹುಮಂದಿಗೆ ಬೇಕಾದದ್ದು ಈ ಪಥ್ಯವೇ, ಶಸ್ತ್ರವಲ್ಲ. ಪತ್ರದಲ್ಲಿನ ಸೊಸೆಯಾದರೋ ಎರಡು ಸಲ ಏಳೆಂಟು ಕಿಲೋ ಇಳಿಸಿ ಎರಡು ಸಲವೂ ಮರಳಿ ಪಡೆದವಳು. ಇದರಲ್ಲಿ ಅವಳ ಸೋಮಾರಿತನವನ್ನು ಕಾಣುವುದು ಅನ್ಯಾಯ. ತೂಕ ಇಳಿದೊಡನೆ ಹಸಿವೆಯನ್ನು ಹೆಚ್ಚಿಸಿ ಖರ್ಚನ್ನು ತಗ್ಗಿಸುವುದು ದೇಹದ ಸಹಜಗುಣ. ಈಚೆಗೆ ಚುಚ್ಚುಮದ್ದುಗಳೂ ಬಂದಿವೆ, ಜಿ.ಎಲ್.ಪಿ.-1ರಂತೆ ಕೆಲಸಮಾಡುವ ಸೆಮಾಗ್ಲುಟೈಡ್ ಎಂಬುದಕ್ಕೆ ಅಮೆರಿಕದ ಔಷಧ ಇಲಾಖೆ 2025ರ ಆಗಸ್ಟ್‌ನಲ್ಲಿ ಈ ಯಕೃತ್ತಿನ ರೋಗಕ್ಕೂ ಒಪ್ಪಿಗೆ ಕೊಟ್ಟಿತು. ಮದ್ದು ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯವಾದುದರಿಂದ ಅದು ದೀರ್ಘಕಾಲದ ಖರ್ಚು. ಶಸ್ತ್ರಕ್ರಿಯೆಗೆ ಮುನ್ನ ಇದನ್ನೂ ವೈದ್ಯರಲ್ಲಿ ಕೇಳಿಕೊಳ್ಳುವುದು ವಿಹಿತ.

ತೂಕವನ್ನು ಕಿಲೋಗಳಲ್ಲಿ ಹಿಡಿದು, ಎತ್ತರವನ್ನು ಮೀಟರಿನಲ್ಲಿ ಹಿಡಿದು ಎರಡು ಸಲ ಭಾಗಿಸಿದರೆ ಬರುವ ಸೂಚ್ಯಂಕ ಈ ಸೊಸೆಗೆ 39ನ್ನು ಮೀರುತ್ತದೆ. 2022ರ ಅಂತರರಾಷ್ಟ್ರೀಯ ಸೂಚನೆಗಳಂತೆ 35ಕ್ಕೆ ಮೇಲ್ಪಟ್ಟವರಿಗೆ ಬೇರೆ ರೋಗವಿಲ್ಲದಿದ್ದರೂ ಶಸ್ತ್ರಕ್ರಿಯೆಯನ್ನು ಸೂಚಿಸಬಹುದು; ನಮ್ಮಂತಹ ಏಷ್ಯಾದವರಿಗೆ ಮಿತಿ ಇನ್ನೂ ಕೆಳಗೆ, 27.5. ಆದುದರಿಂದ ವೈದ್ಯರ ಸಲಹೆ ಹೊರತಾದದ್ದೇನೂ ಅಲ್ಲ. ವಿಮೆಯ ಮಾತು ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಸೂಚ್ಯಂಕ 40 ಇದ್ದರೆ ಸರಿ. 35ರಿಂದ 40ರೊಳಗಿನವರಿಗೆ ಹೃದಯರೋಗ, ತೀವ್ರವಾದ ನಿದ್ರಾಶ್ವಾಸದ ತೊಂದರೆ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಇಂಥ ನಾಲ್ಕೇ ರೋಗಗಳ ಪಟ್ಟಿಯಿದೆ. ಯಕೃತ್ತು ಆ ಪಟ್ಟಿಯಲ್ಲಿ ಇಲ್ಲ! ಇಷ್ಟೊಂದು ಪ್ರಯೋಗಗಳ ಮೇಲೂ ಅದನ್ನು ಸೇರಿಸದಿರುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಸದ್ಯಕ್ಕೆ ಸೊಸೆಯ ಸಕ್ಕರೆ ಹತೋಟಿಯಲ್ಲಿದೆಯೆ ಇಲ್ಲವೆ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು, ಪಾಲಿಸಿಯ ಕಾಗದವನ್ನು ಆಸ್ಪತ್ರೆಗೆ ಸೇರುವ ಮೊದಲೇ ಓದತಕ್ಕದ್ದು.

ಶಸ್ತ್ರಕ್ರಿಯೆಗೆ ಮುಂಚೆ ಸುಮಾರು ಎರಡು ವಾರ ಕಟ್ಟುನಿಟ್ಟಿನ ಲಘು ಆಹಾರ ಕೊಡುವುದುಂಟು. ಇದರ ಕಾರಣ ಸ್ವಾರಸ್ಯವಾಗಿದೆ. ಯಕೃತ್ತಿನ ಎಡದಳ ಜಠರದ ಮೇಲೆಯೇ ಹೊದಿಕೆಯಂತೆ ಬಿದ್ದಿರುತ್ತದೆ. ಕೊಬ್ಬೇರಿ ಊದಿದ್ದರೆ ಅದನ್ನು ಎತ್ತಿ ಹಿಡಿದು ಕೆಳಗೆ ಕೆಲಸಮಾಡುವುದು ಶಸ್ತ್ರವೈದ್ಯರಿಗೆ ಕಷ್ಟ. ಆ ಎರಡು ವಾರಗಳ ಪಥ್ಯದಲ್ಲಿಯೇ ಅದು ಕುಗ್ಗಿ ಮೆದುವಾಗುತ್ತದೆ.

ಆಮೇಲಿನ ದಿನಗಳಲ್ಲಿ ಮನೆಯವರ ಪಾತ್ರ ದೊಡ್ಡದು. ಮೊದಲು ನೀರಿನಂಥ ಆಹಾರ, ಬಳಿಕ ಮೆತ್ತನೆಯದು, ತಿಂಗಳು ಕಳೆದ ಮೇಲೆ ಮನೆಯ ಊಟ, ಅದೂ ಹಿಡಿಯಷ್ಟು. ಅನ್ನಕ್ಕೆ ಮೊದಲು ಬೇಳೆ, ಕಾಳು, ಮೊಸರು, ಪನೀರು, ತಿನ್ನುವವರಾದರೆ ಮೊಟ್ಟೆ. ಸಸ್ಯಾಹಾರಿಗಳಾದ ನಮ್ಮ ಮನೆಗಳಲ್ಲಿ ಬಿ12 ಮೊದಲೇ ಕಡಮೆ. ಅದನ್ನೂ ಕಬ್ಬಿಣ, ಸುಣ್ಣದ ಸತ್ತ್ವ, ಡಿ ಜೀವಸತ್ತ್ವಗಳನ್ನೂ ಬದುಕಿರುವವರೆಗೆ ಬಿಡದೆ ತೆಗೆದುಕೊಳ್ಳಬೇಕು. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಮಗುವಿನ ಆಲೋಚನೆಯಿದ್ದರೆ ವರ್ಷ, ಒಂದೂವರೆ ವರ್ಷ ತಡೆಯಬೇಕು. ಬೈಪಾಸ್ ಆದವರು ಒಂದು ಲೋಟ ಪಾಯಸ ಕುಡಿದರೆ ಬೆವತು, ಎದೆ ಬಡಿದುಕೊಂಡು, ತಲೆಸುತ್ತಿ ಮಲಗಬೇಕಾದೀತು. ನಮ್ಮವರ ಉಪಚಾರದ ರೀತಿ ಗೊತ್ತೇ ಇದೆ: ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಹೋಳಿಗೆ ಜಾರಿಸುವವರು ನಾವು. ರಾಜ್ಯೋತ್ಸವದ ಊಟದಲ್ಲಿ ಯಾರಾದರೂ ಎರಡು ತುತ್ತಿಗೆ ಎದ್ದರೆ, ಏಕೆಂದು ಪಂಕ್ತಿಯಲ್ಲೆಲ್ಲ ಕೇಳುವಂತೆ ವಿಚಾರಿಸಬೇಡಿ. ಶಸ್ತ್ರಕ್ರಿಯೆ ಮಾಡಿಸಿಕೊಂಡದ್ದನ್ನು ಬಳಗಕ್ಕೆ ಹೇಳಲು ನಾಚಿ, ಮಾತ್ರೆಗಳನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು, ಕೊನೆಗೆ ನುಂಗುವುದನ್ನೇ ಮರೆತು ಕೈಕಾಲು ಜೋಮು ಹಿಡಿಸಿಕೊಂಡ ಹೆಂಗಸೊಬ್ಬರನ್ನು ನಾವು ಬಲ್ಲೆವು. ಆ ಸೊಸೆಗೆ ಅತ್ತೆಯೇ ಮಾತ್ರೆ ಎತ್ತಿಕೊಡುವಂತಾದರೆ ಇಂಥ ಅಪಾಯವಿಲ್ಲ.

ಇನ್ನೊಂದು. ತೂಕ ಇಳಿದು ಹಳೆಯ ರವಿಕೆಗಳು ಸಡಿಲವಾದ ಸಂತೋಷದಲ್ಲಿ ಯಕೃತ್ತಿನ ಪರೀಕ್ಷೆಯನ್ನು ನಿಲ್ಲಿಸಬಾರದು. ಲೀಲ್ ನಗರದವರ ಲೆಕ್ಕದಲ್ಲಿಯೂ ಐದು ವರ್ಷದ ಮೇಲೆ ನಾರು ಪೂರ್ತಿ ಮಾಯವಾದದ್ದು 100ಕ್ಕೆ 56 ಮಂದಿಯಲ್ಲಿ. ಉಳಿದವರು ಗಡುಸನ್ನು ಆಗಾಗ ಅಳೆಸಿಕೊಳ್ಳುತ್ತಲೇ ಇರಬೇಕಾದವರು.